ಸಾಂಬಾರು ಹಾಡಿನಲ್ಲಿ ಬಿಟ್ಟುಹೋದ ಸಾಲು

ಕನ್ನಡದ ‘ಸಾಕು’ ಮತ್ತು ‘ಹಾಕು’ ನಡುವೆ ಒಂದಕ್ಷರದ ವ್ಯತ್ಯಾಸ. ತಮಿಳಿನಲ್ಲೂ ಹಾಗೇ: ‘ಪೋದುಂ’ ಅಂದರೆ ಸಾಕು, ‘ಪೋಡುಂ’ ಅಂದರೆ ಹಾಕಿ. ಪಂಡಿತರಿಗೆ ಇದು ಚೆಂದದ ಕಾಕತಾಳೀಯ. ಕೈಯಲ್ಲಿ ಬಿಸಿ ಸಾಂಬಾರಿನ ಬಕೆಟ್ ಹಿಡಿದು ನಿಂತವನಿಗೆ ಅಷ್ಟೇನೂ ಚೆಂದವಲ್ಲ.

ಸುಬ್ರಾಯರು ಕುಂದಾಪುರದ ಕಡೆಯಿಂದ ಬಂದು ಚೆನ್ನೈನ ವಡಪಳನಿಯ ಒಂದು ಹೋಟೆಲಿನಲ್ಲಿ ಬಡಿಸಲು ನಿಂತಾಗ ಅವರಿಗೆ ತಮಿಳು ಬರುತ್ತಿರಲಿಲ್ಲ. ಮಧ್ಯಾಹ್ನದ ಊಟಕ್ಕೆ ಸಿನಿಮಾ ಸ್ಟುಡಿಯೊಗಳಿಂದ ಜನ ನುಗ್ಗುವ ಹೊತ್ತು. ಬಿಳಿ ಪ್ಯಾಂಟಿನವನೊಬ್ಬ ಎಲೆಯ ಮೇಲೆ ಬಗ್ಗಿ ‘ಪೋದುಂ’ ಅಂದ. ಇವರಿಗೆ ಕೇಳಿಸಿದ್ದು ‘ಪೋಡುಂ’. ಹಾಕಿದರು. ಅವನು ದನಿ ಏರಿಸಿದ. ಪಾಪ, ತುಂಬ ಹಸಿದಿದ್ದಾನೆ ಅಂದುಕೊಂಡು ಇನ್ನೊಂದು ಸೌಟು ಹಾಕಿದರು. ಸಾಂಬಾರು ಎಲೆ ದಾಟಿತು, ಮೇಜು ದಾಟಿತು, ಪ್ಯಾಂಟಿಗೆ ಇಳಿಯಿತು.

ಈ ಕತೆಯನ್ನು ಅವರು ಮನೆಗೆ ಬಂದ ನೆಂಟರಿಗೆಲ್ಲ ಹೇಳುತ್ತಿದ್ದರು. ಬಗ್ಗಿ ತೋರಿಸಿ, ಸೌಟು ಎತ್ತಿ ತೋರಿಸಿ, ಕೊನೆಗೆ ಆ ಗಿರಾಕಿಯೇ ಹೊಟ್ಟೆ ಹಿಡಿದುಕೊಂಡು ನಕ್ಕ ಅಂತ ಮುಗಿಸುತ್ತಿದ್ದರು.

ಮಗಳು ಚೈತನ್ಯಾ ಈ ಕತೆ ಕೇಳುತ್ತಲೇ ಬೆಳೆದವಳು. ಅಪ್ಪ ಕನ್ನಡದಲ್ಲಿ ಕೇಳಿದರೆ ತಮಿಳಿನಲ್ಲಿ ಉತ್ತರ ಕೊಡುತ್ತಾಳೆ. ಹಗಲು ಪೆರುಂಗುಡಿಯ ಕಚೇರಿಯೊಂದರಲ್ಲಿ ಕೆಲಸ, ಉಳಿದ ಹೊತ್ತು ಗಿಟಾರು. ಅವಳೂ ಗೆಳೆಯ ಅಜಯ್‌ನೂ ಸೇರಿ ಇಬ್ಬರದೇ ಒಂದು ಬ್ಯಾಂಡು; ಹೆಸರು ‘ಅರೆ ಸಕ್ಕರೆ’. ಅಜಯ್ ತಾಂಬರಂನ ರೈಲ್ವೆ ನೌಕರರೊಬ್ಬರ ಮಗ. ಡ್ರಮ್ಮು, ಕೀಬೋರ್ಡು, ರೆಕಾರ್ಡಿಂಗು ಎಲ್ಲ ಅವನದು. ಕಿಟಕಿಗೆ ಹಾಸಿಗೆ ಆನಿಸಿ ರೈಲಿನ ಸದ್ದು ತಡೆದ ಅವನ ಕೋಣೆಯೇ ಸ್ಟುಡಿಯೊ. ಅವರ ಹಾಡುಗಳ ರಾಗ ಮಕ್ಕಳೂ ಗುನುಗುವಂಥದ್ದು, ಮಾತು ಮಾತ್ರ ಮೆಲ್ಲಗೆ ಚಿವುಟುವಂಥದ್ದು. ಮನೆ ಮಾಲೀಕರ ಕಟ್ಟಳೆಗಳ ಮೇಲೊಂದು, ಕೆಲಸ ಕಳೆದುಕೊಂಡವನಿಗೆ ಕಚೇರಿಯಲ್ಲಿ ಕತ್ತರಿಸುವ ಕೇಕಿನ ಮೇಲೊಂದು. ಅಪ್ಪನ ಸಾಂಬಾರಿನ ಮೇಲೂ ಒಂದು. ‘ಸಾಕು ಅಂದೆ, ಹಾಕು ಅಂತ ಕೇಳಿತಾ?’ ಎಂಬರ್ಥದ ತಮಿಳು ಪಲ್ಲವಿ ಬಂದಾಗಲೆಲ್ಲ ಕೇಳುಗರು ಕುಣಿಯುತ್ತಾರೆ. ಮೊದಲ ಆಲ್ಬಮ್ಮಿಗೆ ಅದೇ ಮುಖ್ಯ ಹಾಡೆಂದು ಇಬ್ಬರೂ ತೀರ್ಮಾನಿಸಿದ್ದರು.

ಪೆರುಂಗುಡಿಯ ಕೆಫೆಯೊಂದರಲ್ಲಿ ಅವರು ಅದನ್ನು ಹಾಡಿದಾಗ ಜನ ಬಿದ್ದು ಬಿದ್ದು ನಕ್ಕರು. ನಗಲಿ. ಆದರೆ ಹಾಗೆ ನಗುತ್ತಲೇ ಒಬ್ಬ, ಹೇಳಿದ್ದು ತಿಳಿಯದೆ ನೀರು ತರದ ಅಸ್ಸಾಮಿನ ವೇಟರನನ್ನು ಚಿಟಿಕೆ ಹೊಡೆದು ಕರೆದ. ಭಾಷೆ ಬಾರದವನ ತಬ್ಬಿಬ್ಬು ಹಾಡಿನಲ್ಲಿದ್ದರೆ ನಮಗೆ ಮುದ್ದು, ಮೇಜಿನ ಪಕ್ಕ ನಿಂತಿದ್ದರೆ ಸಿಟ್ಟು. ಯಾವ ಸೀಮೆಯ ರಸಿಕರು ನಾವು?

ಆಲ್ಬಮ್ ಬಿಡುಗಡೆಗೆ ಮುಂಚೆ ಚೈತನ್ಯಾ ಆ ಹಾಡನ್ನು ಮನೆಯಲ್ಲಿ ಕೇಳಿಸಿದಳು. ಸುಬ್ರಾಯರು ಕಣ್ಣೀರು ಬರುವಷ್ಟು ನಕ್ಕರು. ಹೆಂಡತಿ ಚಂದ್ರಮತಿ ಮಾತ್ರ ನಗಲಿಲ್ಲ.

“ಹ್ವಾಯ್, ಪೆಟ್ಟು ತಿಂದದ್ದ್ ಯಾಕೆ ಹೇಳ್ಲಿಲ್ಲ ಅವಳಿಗೆ?” ಅಂದರು.

ನಿಜದಲ್ಲಿ ಆ ದಿನ ಗಿರಾಕಿ ನಕ್ಕಿರಲೇ ಇಲ್ಲ. ಗಲ್ಲಾದಲ್ಲಿದ್ದ ಧಣಿಗಳು ಎದ್ದು ಬಂದು, ಊಟಕ್ಕೆ ಕೂತವರೆಲ್ಲರ ಎದುರು ಸುಬ್ರಾಯರ ಕೆನ್ನೆಗೆ ಬಾರಿಸಿದ್ದರು. ಆ ಧಣಿಗಳು ಈಗಿಲ್ಲ. ಗಲ್ಲಾದಲ್ಲಿ ಅವರ ಮಗ ರಘುರಾಮ. ಸುಬ್ರಾಯರು ಅದೇ ಹೋಟೆಲಿನ ಸೂಪರ್‌ವೈಸರ್. ಇವರು ವಾಸವಿರುವ ಮನೆಯೂ ಧಣಿಗಳದ್ದೇ. ಅದಕ್ಕಿಂತ ಹೆಚ್ಚಾಗಿ, ಹಾಡಿನ ಸುದ್ದಿ ಕೇಳಿ ಖುಷಿಯಾಗಿದ್ದ ರಘುರಾಮ ಅದನ್ನು ಹೋಟೆಲಿನಲ್ಲಿ ಹಾಕಿಸಬೇಕೆಂದು ಆಗಲೇ ಹೇಳಿಟ್ಟಿದ್ದ.

ಪೆಟ್ಟನ್ನು ಮುಚ್ಚಿಟ್ಟದ್ದೇಕೆಂದು ಚೈತನ್ಯಾ ಕೇಳಿದಳು. ನಗು ಬರುವ ಹಾಗೆ ಹೇಳಿದರೆ ಜನ ಇನ್ನೊಮ್ಮೆ ಹೇಳು ಅನ್ನುತ್ತಾರೆ, ಇನ್ನೊಂದು ತರಹ ಹೇಳಿದರೆ ಎದ್ದು ಹೋಗುತ್ತಾರೆ ಅಂದರು ಸುಬ್ರಾಯರು. ಇರುವ ಹಾಗೇ ಬಿಡು, ಹಾಡು ಚೆನ್ನಾಗಿದೆ ಅಂತಲೂ ಸೇರಿಸಿದರು.

ಅವಳು ಬಿಡಲಿಲ್ಲ. ಅಪ್ಪ ಒಪ್ಪದೆ ಪೆಟ್ಟನ್ನು ಹಾಡುವಂತಿಲ್ಲ. ಪೆಟ್ಟಿಲ್ಲದೆ ಆ ಹಾಡು ಅವಳ ಬಾಯಿಂದ ಹೊರಡುತ್ತಿಲ್ಲ. ಕೊನೆಗೆ ಹಾಡನ್ನೇ ಆಲ್ಬಮ್ಮಿನಿಂದ ಕಿತ್ತುಹಾಕಿದಳು. ಅಜಯ್ ಕೂಗಾಡಿದ. ಆ ಹಾಡಿಲ್ಲದ ಆಲ್ಬಮ್ ಉಪ್ಪಿಲ್ಲದ ಪೊಂಗಲ್ ಅಂದ, ಅವಳ ಜೊತೆ ಮಾತು ಬಿಟ್ಟ. ಇಬ್ಬರೇ ಇರುವ ಬ್ಯಾಂಡಿನಲ್ಲಿ ಒಬ್ಬ ಮಾತು ಬಿಟ್ಟರೆ ಉಳಿಯುವುದೇನು?

ಕೆಲವು ದಿನ ಕಳೆದ ಮೇಲೆ, ಆಲ್ಬಮ್ ಏನಾಯಿತೆಂದು ಸುಬ್ರಾಯರೇ ಕೇಳಿದರು. ಹಾಡು ತೆಗೆದ ಸಂಗತಿ ತಿಳಿದು ಪೆಚ್ಚಾದರು. ಯಾಕೆ ಅಂದಾಗ ಅವಳು ಎಂದಿನಂತೆ ತಮಿಳಿನಲ್ಲೇ ಶುರುಮಾಡಿದಳು, “ಪಾದಿ ಪೊಯ್‌ಪ್ಪಾ.” ಆಮೇಲೆ ತಡವರಿಸಿ ಕನ್ನಡಕ್ಕೆ ಬಂದಳು. “ಅರ್ಧ ಸುಳ್ಳು, ಅಪ್ಪಾ. ನಿನ್ನನ್ನ ನೋಡಿ ನಗ್ತಾ ಇದಾರೆ. ನಾನೇ ನಗಿಸ್ತಾ ಇದೀನಿ.”

ವಾರದ ರಜೆಯ ದಿನ ಸುಬ್ರಾಯರು ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಮಗಳ ಜೊತೆ ಲೋಕಲ್ ರೈಲು ಹತ್ತಿ ತಾಂಬರಂಗೆ ಹೋದರು. ಅಜಯ್ ಬಾಗಿಲು ತೆರೆದವನು ಇವರನ್ನು ಕಂಡು ಸಿಟ್ಟು ಮರೆತು ಕುರ್ಚಿ ಎಳೆದ. ಅವರು ಕೂರಲಿಲ್ಲ. ಪೆಟ್ಟಿನ ಸಾಲನ್ನು ಮಗಳು ಹಾಡುವುದು ಬೇಡ, ನಾನೇ ಹೇಳುತ್ತೇನೆ ಅಂದರು. ಎಷ್ಟು ಹತ್ತಿರ ನಿಲ್ಲಬೇಕು, ಯಾವಾಗ ಬಾಯಿ ತೆರೆಯಬೇಕು ಎಂದು ಕೇಳಿಕೊಂಡು ಮೈಕಿನ ಮುಂದೆ ನಿಂತರು. ಕೊನೆಯ ಪಲ್ಲವಿಗೆ ಮುಂಚೆ ವಾದ್ಯಗಳೆಲ್ಲ ನಿಲ್ಲುತ್ತವೆ. ಅಲ್ಲಿ ಅವರ ದನಿ, ರಾಗವಿಲ್ಲದೆ:

“ಕೆನ್ನೆಗ್ ಒಂದ್ ಬಿತ್ತ್. ಸಾಂಬಾರ್ ಬಕೆಟ್ ಎತ್ಕಂಡ್ ಮುಂದಿನ ಎಲೆಗ್ ಹೋದೆ.”

ಆಮೇಲೆ ಮತ್ತೆ ಅದೇ ಕುಣಿಸುವ ಪಲ್ಲವಿ. ಕೇಳಿದವರ ಕಾಲು ಕುಣಿಯುವುದೋ ಬೇಡವೋ ಎಂದು ಯೋಚಿಸುತ್ತದೆ. ಅಜಯ್ ಅದನ್ನು ಇನ್ನೊಮ್ಮೆ ರೆಕಾರ್ಡು ಮಾಡೋಣ ಅನ್ನಲಿಲ್ಲ.

ಆಲ್ಬಮ್ ಬಂತು. ರಘುರಾಮ ಉತ್ಸಾಹದಿಂದ ಹೋಟೆಲಿನ ಸ್ಪೀಕರಿನಲ್ಲಿ ಹಾಡು ಹಾಕಿಸಿದ. ಆ ಸಾಲು ಬಂದಾಗ ನೋಟು ಎಣಿಸುತ್ತಿದ್ದ ಅವನ ಕೈ ಅಲ್ಲೇ ನಿಂತಿತು. ಹಾಡು ಮುಗಿದ ಮೇಲೆ ಸುಬ್ರಾಯರನ್ನು ಕರೆದು, ಹೊಡೆದದ್ದು ಅಪ್ಪನಾ ಅಂತ ಕೇಳಿದ. ಅವರು ಹೌದೆಂದರು.

“ಅಪ್ಪ ನನಗೂ ಹೊಡೀತಿದ್ರು, ಸುಬ್ರಾಯಣ್ಣ.”

“ನೀವು ಮಗ, ಸಣ್ಣ ಧಣಿ. ಮನೆಯೊಳಗೆ ಹೊಡೆದ್ರು. ನಂಗೆ ಉಣ್ಣೋರ ಎದುರು ಹೊಡೆದದ್ದು.”

ರಘುರಾಮ ನೋಟಿನ ಕಟ್ಟು ಎತ್ತಿಕೊಂಡು ಮೊದಲಿನಿಂದ ಎಣಿಸತೊಡಗಿದ. ಸುಬ್ರಾಯರು ಕೆಲಸದಲ್ಲೇ ಇದ್ದಾರೆ, ಅದೇ ಮನೆಯಲ್ಲೇ ಇದ್ದಾರೆ. ಕ್ಷಮೆ ಅಂತೂ ಬಂದಿಲ್ಲ. ನಮ್ಮ ಧಣಿಗಳ ಬಾಯಿಗೆ ಆ ಮಾತು ಸುಲಭಕ್ಕೆ ಬರುವುದೂ ಇಲ್ಲ. ಆದರೆ ಈಚೆಗೆ ಬಡಿಸುವವರ ಮೇಲೆ ರೇಗುವಾಗ ರಘುರಾಮ ಎರಡೂ ಕೈಗಳನ್ನು ಪ್ಯಾಂಟಿನ ಜೇಬಿಗೆ ತುರುಕಿಕೊಳ್ಳುತ್ತಾನಂತೆ. ಅದು ನಾಚಿಕೆಯೋ, ಇನ್ನೊಂದು ಹಾಡು ಬಂದೀತೆಂಬ ಹೆದರಿಕೆಯೋ ಸುಬ್ರಾಯರಿಗೆ ಇನ್ನೂ ಗೊತ್ತಾಗಿಲ್ಲ. ದಿನಾ ನೋಡುತ್ತಿದ್ದಾರೆ.