ಫೈಲಕದ ಶಿಲುಬೆಗೆ ಲಾಜರ ಹಚ್ಚಿದ ಗಾರೆ

ಎಂಬತ್ತರ ದಶಕ ಮುಗಿಯುತ್ತ ಬಂದಿದ್ದ ಒಂದು ಶುಕ್ರವಾರ, ಬೆಳಿಗ್ಗೆ ಏಳಕ್ಕೆ, ನಾವು ದುಡಿಯುತ್ತಿದ್ದ ಅರಬ್ ನಾಡಿನ ಸಾಲ್ಮಿಯಾದ ದಕ್ಕೆಯಲ್ಲಿ ಫೈಲಕ ದ್ವೀಪದ ದೋಣಿ ಹತ್ತಿದೆವು. ಇಪ್ಪತ್ತು ಕಿಲೋಮೀಟರ್ ಸಮುದ್ರ, ಚಳಿಗಾಳಿ. ಮೈಸೂರಿನವನಾದ ನನಗೆ ಕಾವೇರಿಯ ತೆಪ್ಪವೇ ಹೆಚ್ಚು. ಅರ್ಧ ದಾರಿಗೇ ತಿಂದ ಖುಬ್ಬೂಸ್ ರೊಟ್ಟಿ ಗಂಟಲಿಗೆ ಬಂತು. ಜೊತೆಗಿದ್ದ ನೆರೆಮನೆಯ ಲಾಜರನಿಗೆ ಸಮುದ್ರದ್ದಲ್ಲ, ದ್ವೀಪ ತಲುಪುವುದರದ್ದೇ ಭಯ.

ಲಾಜರ ಉಡುಪಿ ಕಡೆಯ ಕ್ರೈಸ್ತ, ಜಿಪ್ಸಂ ಗಾರೆಯ ಕೆಲಸಗಾರ. ದ್ವೀಪದ ನಡುವೆ ಮಣ್ಣಿನಡಿ ಹಳೆಯ ಹಳ್ಳಿಯೊಂದರ ಇಗರ್ಜಿ ಸಿಕ್ಕಿತ್ತು. ಅಲ್ಲಿನ ಗಾರೆಯ ಶಿಲುಬೆಯನ್ನು ಎತ್ತಿ ಪೆಟ್ಟಿಗೆಗಿಡಲು, ಅಲ್ಲಿ ಅಗೆಯುತ್ತಿದ್ದ ಫ್ರೆಂಚ್ ತಂಡದ ಮುಖ್ಯಸ್ಥೆ, ಎಲ್ಲರ ಬಾಯಲ್ಲಿ ‘ಮೇಡಂ’, ಇವನನ್ನು ಕರೆಸಿದ್ದರು. ಮೊನ್ನೆ ಯಾರೂ ಇಲ್ಲದಾಗ ಈ ಮಹಾಶಯ ಅದರ ಮುರಿದ ತೋಳನ್ನು ಹೊಸ ಜಿಪ್ಸಂನಿಂದ ಅಂದವಾಗಿ ಪೂರ್ತಿ ಮಾಡಿಬಿಟ್ಟಿದ್ದ!

“ಮುರಿದದ್ದು ಕಂಡ್ರೆ ಕೈ ಸುಮ್ನೆ ಕೂತ್ಕೊಳ್ಳುದಿಲ್ಲ ಮಾರಾಯ್ರೆ. ಹಳೇದು ಹಾಗೇ ಇರ್ಬೇಕು ಅಂತ ನಂಗೆಂತ ಗೊತ್ತು? ಮೇಡಂ ನನ್ನ ಧಣಿ ಕಫೀಲನಿಗೆ ಹೇಳಿದ್ರೆ ನನ್ನ ಇಕಾಮಾ ಖಲಾಸ್, ಇಲ್ಲಿರ್ಲಿಕ್ಕೇ ಪರ್ಮಿಟ್ ಇಲ್ಲ. ನೀವೇ ಇಂಗ್ಲಿಷಲ್ಲಿ ಸ್ವಲ್ಪ ಹೇಳಿ,” ಎಂದು ದೋಣಿಯಲ್ಲೇ ಗೋಗರೆದ.

ದ್ವೀಪದ ದಕ್ಕೆಯಿಂದ ಪಿಕಪ್ಪಿನಲ್ಲಿ ಧೂಳು ತಿನ್ನುತ್ತ ಹೋದೆವು. ಇಗರ್ಜಿಯೆಂದರೆ ಮೊಣಕಾಲೆತ್ತರದ ಗೋಡೆಗಳು, ನಡುವೆ ಉದ್ದನೆಯ ಪ್ರಾರ್ಥನಾ ಕೋಣೆ, ಅಷ್ಟೇ. ಆದರೆ ಶಿಲುಬೆ ನೋಡಿ ನಿಂತುಬಿಟ್ಟೆ: ಕಮಾನಿನ ಚಿತ್ತಾರ, ಅದರೊಳಗೆ ಅಗಲ ತುದಿಗಳ ಶಿಲುಬೆ, ಬುಡದಲ್ಲಿ ಎಲೆಗಳು. ಸಾವಿರ ವರ್ಷಕ್ಕೂ ಹಳೆಯದಂತೆ. ಒಂದು ತೋಳು ಮಾತ್ರ ಹಾಲಿನಷ್ಟು ಬಿಳಿ.

ನನ್ನ ಕ್ಷಮಾಪಣೆಯ ಭಾಷಣ ಮುಗಿಯುವ ಮೊದಲೇ ಮೇಡಂ ಮುಖ ಕೆಂಪಾಯಿತು. “ಹಳೆಯ ಅಂಚು ಹೋಯಿತಲ್ಲ!” ಎಂದರು. ಅದನ್ನು ನಾನು ಕನ್ನಡದಲ್ಲಿ ಹೇಳಿದ್ದೇ ತಡ, ಲಾಜರ ಹಾರಿಬಿದ್ದ.

“ಹೋಗ್ಲಿಲ್ಲ, ಹೋಗ್ಲಿಲ್ಲ! ಅಚ್ಚು ತೆಗೀಲಿಕ್ಕೆ ಹಚ್ಚುವ ಹಾಗೆ ಮೊದಲು ಸಾಬೂನು ನೀರು ಹಚ್ಚಿದ್ದೇನೆ, ಹೊಸದು ಹಳೇದಕ್ಕೆ ಅಂಟುದಿಲ್ಲ. ಅಭ್ಯಾಸ!”

ಅವನು ಎರಡರ ಸಂದಿಗೆ ತೆಳ್ಳನೆಯ ಕರಣೆ ತೂರಿಸಿದ. ಹೊಸ ತೋಳು ಇಡಿಯಾಗಿ ಕಳಚಿ ಬಂತು. ಮೇಡಂ ಭೂತಗನ್ನಡಿ ಹಿಡಿದು ಹಳೆಯ ಅಂಚನ್ನು ಇಂಚಿಂಚು ನೋಡಿದರು. ಆಮೇಲೆ ಉಸ್ಸೆಂದು ನೆಲದ ಮೇಲೇ ಕುಳಿತು, “ಇನ್ನು ಕೇಳದೆ ಮುಟ್ಟಬೇಡ. ನಾಳೆ ಬೇಗ ಬಾ,” ಎಂದರು. ನನಗೇ ಕಣ್ಣು ತುಂಬಿತು. ಲಾಜರ ಎದೆಯ ಮೇಲೆ ಶಿಲುಬೆಯ ಗುರುತು ಹಾಕಿಕೊಂಡ.

ಕಳಚಿದ ತುಂಡಿನ ಹಿಂಬದಿಯಲ್ಲೊಂದು ಸಣ್ಣ ಉಬ್ಬಿತ್ತು. ಶಿಲುಬೆಯಲ್ಲಿದ್ದ ತಗ್ಗಿನ ಅಚ್ಚು ಅದು. ಹಸಿ ಗಾರೆಯಲ್ಲಿ ಅಂದಿನ ಕೆಲಸಗಾರನ ಹೆಬ್ಬೆರಳು ಊರಿದ ಗುರುತೆಂದು ಹೇಳಿ ಮೇಡಂ ತುಂಡನ್ನು ಲಾಜರನಿಗೇ ಕೊಟ್ಟರು.

ಸಂಜೆಯ ದೋಣಿಯಲ್ಲಿ ನನಗೆ ವಾಕರಿಕೆಯೇ ಬರಲಿಲ್ಲ. ದ್ವೀಪ ಹಿಂದೆ ಸರಿಯುತ್ತಿತ್ತು. ಲಾಜರ ಆ ಉಬ್ಬಿಗೆ ತನ್ನ ಹೆಬ್ಬೆರಳು ಹಿಡಿದು ಅಳೆದ.

“ನೋಡಿ, ನನ್ನದೇ ಸೈಜು. ಆ ಕಾಲದ ಕೆಲಸದವ ಗುರುತು ಉಜ್ಜದೆ ಹೋಗಿದ್ದಾನೆ. ಮೇಸ್ತ್ರಿ ಇವನಿಗೂ ಸರೀ ಬೈದಿರ್ಬೇಕು, ಪಾಪ!”