ಬೂ ಹುಮೈದನ ಎರಡು ಸಾವಿರ ಕುದುರೆಗಳು

ನಮ್ಮ ಅಲ್ ಐನ್ ಊರಿನ ಬೂ ಹುಮೈದ್ ಎಲ್ಲವನ್ನೂ ಕುದುರೆಶಕ್ತಿಯಲ್ಲೇ ಅಳೆಯುವವನು. ಮಗಳನ್ನು ಕೇಳಲು ಬಂದ ವರನನ್ನೂ "ಒಳ್ಳೇ ಹುಡುಗ, ಆದ್ರೆ ಎಂಬತ್ತು ಕುದುರೆ ದಾಟಲ್ಲ" ಎಂದು ಸಾಗಹಾಕಿದ. ಮರಳುದಿಬ್ಬ ಹತ್ತಿಸುವ ಗಾಡಿಗೆ, ಎಂಜಿನ್ನಿಗೆ ಗಾಳಿ ತುರುಕುವ ದೊಡ್ಡ ಟರ್ಬೊ, ಆಮೇಲೆ ಅದಕ್ಕಿಂತ ದೊಡ್ಡದು ಹಾಕಿಸಿ ಮೂರು ಎಂಜಿನ್ ಸುಟ್ಟಿದ್ದಾನೆ. ಕರಗಿದ ಪಿಸ್ಟನ್ನುಗಳು ಅತಿಥಿಗಳು ಕೂರುವ ಮಜ್ಲಿಸಿನಲ್ಲಿ ಖರ್ಜೂರದ ತಟ್ಟೆಯ ಪಕ್ಕದಲ್ಲಿವೆ. ಅವುಗಳ ಚರಿತ್ರೆ ಕೇಳದೆ ಯಾರಿಗೂ ಕಾಫಿ ಸಿಗುವುದಿಲ್ಲ. ತಪ್ಪು ಮಾತ್ರ ಅವನದಲ್ಲ: ಒಮ್ಮೆ ಪೆಟ್ರೋಲಿನದು, ಒಮ್ಮೆ ಸೆಕೆಯದು, ಇನ್ನೊಮ್ಮೆ ಪಕ್ಕದ ಮನೆಯವನ ಕೆಟ್ಟ ಕಣ್ಣಿನದು. ಮೊನ್ನೆ ಗೆಳೆಯರ ದಂಡು ಕಟ್ಟಿಕೊಂಡು ಗ್ಯಾರೇಜಿಗೆ ಬಂದು, "ಉಸ್ತಾದ್, ಎರಡು ಸಾವಿರ ಕುದುರೆ ಆಗ್ಲೇಬೇಕು!" ಎಂದ. ಪಠಾಣ ಮೆಕ್ಯಾನಿಕ್ ಗುಲ್ ರಹೀಮ್, "ಅರ್ಬಾಬ್, ನನ್ನ ಧಣೀ, ಇನ್ನೊಂಚೂರು ಗಾಳಿ ತುಂಬಿದ್ರೆ ಕನೆಕ್ಟಿಂಗ್ ರಾಡು ಎಂಜಿನ್ ಒಡ್ಕೊಂಡು ಆಚೆ ಬರತ್ತೆ. ನಾನಂತೂ ಮುಟ್ಟಲ್ಲ, ಹೋಗಿ!" ಎಂದು ಗದರಿದ. "ನಿನ್ನ ಕೈ ಸ್ಕೂಟರಿಗೇ ಲಾಯಕ್ಕು!" ಎಂದು ಇವನು ಹಾರಾಡಿದ, ಗೆಳೆಯರೇ ಹಿಡಿದು ಹೊರಗೆ ಕರೆದೊಯ್ದರು. ನೊಂದಿರಬೇಕೆಂದು, ಅಲ್ಲೇ ಇದ್ದ ನಾನು ರಹೀಮನ ಬಳಿ ಹೋದರೆ ಅವನು ನಗುತ್ತಿದ್ದ. ಅಂದು ಬೆಳಿಗ್ಗೆ ಬೂ ಹುಮೈದನೇ ಫೋನ್ ಮಾಡಿದ್ದನಂತೆ: "ನಾನು ಬಂದು ಕೇಳಿದಾಗ ಎಲ್ಲರೆದುರು 'ಆಗಲ್ಲ' ಅಂತ ಬೈದುಬಿಡು ಮಾರಾಯ. ಅಮ್ಮ ಮೆಕ್ಕಾಗೆ ಉಮ್ರಾ ಯಾತ್ರೆಗೆ ಈ ಗಾಡೀಲೇ ಹೋಗ್ಬೇಕು ಅಂತ ಹಟ ಹಿಡಿದಿದ್ದಾಳೆ. ಮರಳುಗಾಡಿನ ನಡುವೆ ಎಂಜಿನ್ ಹೋದ್ರೆ ಎಂಬತ್ತರ ಮುದುಕೀನ ಎಲ್ಲಿ ಕೂರಿಸ್ಲಿ?" ಅಷ್ಟರಲ್ಲಿ ಹಿಂಬಾಗಿಲಿಂದ ಬೂ ಹುಮೈದ್ ಒಬ್ಬನೇ ಬಂದು, ಹಳೆ ಟೈರಿನ ಮೇಲೆ ಕುಸಿದು ಕೂತು, ನಿರಾಳವಾಗಿ ಉಸಿರು ಬಿಟ್ಟು ಹೇಳಿದ: "ಅಲ್‌ಹಮ್ದುಲಿಲ್ಲಾ, ಚೆನ್ನಾಗಿ ಬೈದೆ. ಈಗಿರೋದ್ರಲ್ಲೂ ಒಂದೈನೂರು ಕುದುರೆ ಇಳಿಸಿಬಿಡು. ಯಾರಿಗೂ ಹೇಳ್ಬೇಡ."