ಕಣಕದೊಳಗಿನ ಕಡಲೆಕಾಳು

ಅಕ್ಕನಾಗಮ್ಮ ಯಾರ ಬಾಯಿಗೂ ಹೆದರಿದವಳಲ್ಲ. ತಿಕೋಟಾದಲ್ಲಿ ನರ್ಸಬಾಯಿಯಾಗಿದ್ದಷ್ಟು ಕಾಲವೂ ಗಂಡಸರನ್ನು ಹೊರಗೆ ಕೂರಿಸಿ, ಹೆಂಗಸರಿಗೆ ಹೇಳಬೇಕಾದ್ದನ್ನು ಸುತ್ತಿ ಬಳಸದೆ ಹೇಳಿದವಳು. ನಿವೃತ್ತಿಯಾದ ಮೇಲೆ ವಿಜಯಪುರದ ಸಿದ್ಧೇಶ್ವರ ಗುಡಿಯ ಹಿಂದಿನ ಮನೆಯಲ್ಲಿ ಸುಮ್ಮನೆ ಕೂರಲಾರದೆ, ತಂಗಿಯ ಮಗಳು ಐಶ್ವರ್ಯಳ ಕೈಗೆ ಫೋನು ಕೊಟ್ಟು, ಅದೇ ಮಾತುಗಳ ವಿಡಿಯೋ ಮಾಡಿಸಿದಳು. ಗಂಡಸರ ಕಣ್ಣಿಗೆ ಬೀಳದೆ ನೋಡಬಹುದೆಂದು ಹೆಂಗಸರು ತಿಂಗಳಿಗಿಷ್ಟು ವಂತಿಗೆ ಕೊಟ್ಟು ಅವಳ ಜಾಲತಾಣಕ್ಕೆ ಸೇರಿದರು. ಅದು ನಡೆಯುತ್ತಿದ್ದುದೇ ಆ ಚಿಲ್ಲರೆಯಿಂದ. ವಂತಿಗೆ ಬರುತ್ತಿದ್ದುದು ಒಂದು ಪೇಮೆಂಟ್ ಕಂಪನಿಯ ಮೂಲಕ.

ಎಲ್ಲಕ್ಕಿಂತ ಹೆಚ್ಚು ಜನ ನೋಡಿದ್ದು ಕಣಕದ ಪಾಠ. ಹೋಳಿಗೆಗೆ ನಾದಿದ ಕಣಕದೊಳಗೆ ಒಂದು ಕಡಲೆಕಾಳು ಹುದುಗಿಸಿ, ಬೆರಳತುದಿಯಿಂದ ಒತ್ತುತ್ತಾ ಹುಡುಕುವುದು. ಮೊಲೆಯಲ್ಲಿ ಗಂಟಿದ್ದರೆ ಕೈಗೆ ಹೀಗೇ ಸಿಗುತ್ತದೆ ಎಂದು ತಿಳಿಸುವುದು. ಅದರಲ್ಲಿ ಕಾಣುವುದು ಹಿಟ್ಟು ಮತ್ತು ಒಬ್ಬ ಮುದುಕಿಯ ಕೈ, ಅಷ್ಟೇ.

ಅದಕ್ಕೂ ನಿಡೋಣಿಯ ಬಸಲಿಂಗಯ್ಯ ಕೆಂಡವಾಗಿದ್ದ. ತನ್ನ ಹೆಂಡತಿ ವಿಜಯಲಕ್ಷ್ಮೀ ಅದನ್ನು ನೋಡುತ್ತಿದ್ದಳೆಂದು ಬಾಗಿಲಿಗೇ ಬಂದು ನಿಂತು, “ಮಾನ ಮರ್ಯಾದಿ ಐತೇನ್ರಿ ನಿಮಗ? ಮದಲ ಅದನ್ನ ತಗೀರಿ,” ಎಂದು ಓಣಿಗೆಲ್ಲ ಕೇಳುವಂತೆ ಕೂಗಾಡಿದ್ದ.

“ತಾಯಿ ಹಾಲು ಕುಡದ ದೊಡ್ಡಾವ್ರಾಗೀರಿ, ಅಯ್ಯಾರ. ಅದರ ಹೆಸರು ಹೇಳಿದ್ರ ನಾಚಿಕಿ ಬರತೈತೇನ್ರಿ? ನಾ ತಗಿಯಂಗಿಲ್ಲ,” ಎಂದು ಅವಳು ಬಾಗಿಲು ಹಾಕಿಕೊಂಡಿದ್ದಳು. ಅವತ್ತಿನ ಊಟ ಅವಳಿಗೆ ಬಲು ರುಚಿಯಾಗಿತ್ತು.

ಕಂಪನಿ ಮಾತ್ರ ಬಾಗಿಲಿಗೆ ಬರಲಿಲ್ಲ. ಒಂದು ಬೆಳಿಗ್ಗೆ ವಂತಿಗೆ ನಿಂತಿತು. ಅಶ್ಲೀಲ ವಿಷಯಕ್ಕೆ ಹಣ ಸಾಗಿಸುವುದಿಲ್ಲ, ಆ ವಿಡಿಯೋ ತೆಗೆದರೆ ಖಾತೆ ಮತ್ತೆ ತೆರೆಯುತ್ತೇವೆ ಎಂದು ಸಹಿಯಿಲ್ಲದ ಎರಡು ಸಾಲು ಬಂದಿದ್ದವು. ಐಶ್ವರ್ಯ ಬರೆದದ್ದಕ್ಕೆಲ್ಲ ಅದೇ ಎರಡು ಸಾಲು ಮರಳಿ ಬಂದವು. ಬೇರೆ ಕಂಪನಿಗಳೂ ಒಲ್ಲೆವೆಂದವು. ಪೊಲೀಸರು ಬೇಡವೆಂದಿರಲಿಲ್ಲ, ಕೋರ್ಟು ಬೇಡವೆಂದಿರಲಿಲ್ಲ. ದುಡ್ಡು ದಾಟಿಸುವ ದಲ್ಲಾಳಿ, ಹೆಂಗಸರು ಏನು ಕಲಿಯಬೇಕೆಂದು ತೀರ್ಪು ಕೊಟ್ಟು ಕೂತಿದ್ದ! ಜಗಳವಾಡೋಣವೆಂದರೆ ಎದುರಿಗೆ ಒಂದು ಮುಖವಾದರೂ ಬೇಡವೆ?

“ಇದೊಂದ ತಗದ್ರ ಉಳದದ್ದೆಲ್ಲಾ ಉಳಿತೈತಿ, ದೊಡ್ಡವ್ವಾ,” ಎಂದಳು ಐಶ್ವರ್ಯ.

ಅಕ್ಕನಾಗಮ್ಮ ಹೂಂ ಎಂದಳು. ಹೂಂ ಎಂದದ್ದಕ್ಕೆ ತನ್ನ ಮೇಲೆಯೇ ಅವಳಿಗೆ ಹೇಸಿಗೆಯಾಯಿತು.

ಐದಾರು ತಿಂಗಳಾಗಿರಬೇಕು, ಬಸಲಿಂಗಯ್ಯ ಮತ್ತೆ ಬಂದ. ಹಿಂದೆ ಸೆರಗು ಬಿಗಿಹಿಡಿದು ವಿಜಯಲಕ್ಷ್ಮೀ ನಿಂತಿದ್ದಳು. ಅವನ ದನಿ ಇಳಿದುಹೋಗಿತ್ತು.

“ಇಕಿಗೆ ನಾಕ ತಿಂಗಳ ಹಿಂದನ ಏನೋ ಗಂಟ ಹತ್ತಿದಂಗ ಆಗಿತ್ತಂತ್ರಿ. ನಿಮ್ಮ ವಿಡಿಯೋ ನೋಡಿ ಖಾತ್ರಿ ಮಾಡ್ಕೊಳ್ಳೂಣಂತ ಆವಾಗ ಹುಡಿಕ್ಯಾಳ, ಸಿಕ್ಕಿಲ್ಲ. ಭ್ರಮಿ ಇದ್ದೀತಂತ ಸುಮ್ಮನಾಗ್ಯಾಳ. ನನಗ ಹೇಳಿದ್ದು ನಿನ್ನೆ.”

ಅಕ್ಕನಾಗಮ್ಮ ಅವಳನ್ನು ಒಳಗೆ ಕರೆದೊಯ್ದು ನೋಡಿದಳು. ಗಂಟು ಕಡಲೆಕಾಳಿನಷ್ಟಲ್ಲ, ನೆಲ್ಲಿಕಾಯಿಯಷ್ಟಿತ್ತು.

“ಈಗಿಂದೀಗ ದವಾಖಾನಿಗೆ ನಡೀರಿ, ನಾನೂ ಬರತೀನಿ,” ಎಂದು ಹೊರಬಂದು ಚಪ್ಪಲಿ ಮೆಟ್ಟಿದಳು.

ಮೆಟ್ಟಿಲಿಳಿಯುವಾಗ ಬಸಲಿಂಗಯ್ಯ ತಡೆದು ಕೇಳಿದ: “ಬಾಯಾರ, ನಾ ಅಷ್ಟು ಒದರಾಡಿದಾಗ ನೀವು ತಗೀಲಿಲ್ಲ. ಆಮ್ಯಾಲ ಯಾರಿಗೆ ಹೆದರಿ ತಗದ್ರಿ?”

ಅಕ್ಕನಾಗಮ್ಮ ಸರಸರನೆ ಮೆಟ್ಟಿಲಿಳಿದಳು. ಹೇಳೋಣವೆಂದರೆ ಅವಳ ಬಳಿ ಒಬ್ಬರ ಹೆಸರೂ ಇರಲಿಲ್ಲ.